ಮೊದಲು ಪರೀಕ್ಷೆ, ಆಮೇಲೆ ಫಾರ್ಮ್ಯಾಟ್

ನಮ್ಮ ಕಡೆ ಕಂಪ್ಯೂಟರ್ ಕೆಟ್ಟರೆ ಒಂದೇ ಔಷಧ. ಅದರ ಹೆಸರು ಫಾರ್ಮ್ಯಾಟ್. ಪರದೆ ನೀಲಿಯಾದರೆ ಫಾರ್ಮ್ಯಾಟ್, ನಿಧಾನವಾದರೆ ಫಾರ್ಮ್ಯಾಟ್, ವೈರಸ್ ಬಂದರೆ ಫಾರ್ಮ್ಯಾಟ್, ತಾನಾಗಿಯೇ ಆಫ್ ಆಗಿ ಆನ್ ಆದರೂ ಫಾರ್ಮ್ಯಾಟ್. ಜ್ವರ ಬಂದವನಿಗೂ ಕಾಲು ಮುರಿದವನಿಗೂ ಒಂದೇ ಇಂಜೆಕ್ಷನ್ ಚುಚ್ಚುವ ಡಾಕ್ಟರ ಬಗ್ಗೆ ನಾವು ಸುದ್ದಿ ಬರೆಯುತ್ತೇವೆ. ನಮ್ಮದೇ ಕಂಪ್ಯೂಟರಿಗೆ ಅಂಥ ಚಿಕಿತ್ಸೆ ನಡೆದಾಗ ಮಾತ್ರ ತೆಪ್ಪಗೆ ದುಡ್ಡು ಕೊಟ್ಟು ಬರುತ್ತೇವೆ.

ನಾವೂ ಹಾಗೆ ದುಡ್ಡು ಕೊಟ್ಟು ಬಂದವರೇ.

ಪತ್ರಿಕೋದ್ಯಮ ಓದಿ ಮುಗಿಸಿದ ಮೇಲೆ ನಾವು ನಾಲ್ಕು ಜನ ಸೇರಿ ತಾಲ್ಲೂಕು ಕೇಂದ್ರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಯಾವುದೋ ಕಚೇರಿ ಹೊರಹಾಕಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದೇ ನಮ್ಮ ಆಸ್ತಿ. ವರದಿ ಟೈಪ್ ಮಾಡುವುದು, ಫೋಟೊ ಇಳಿಸುವುದು, ಧ್ವನಿ ಎಡಿಟ್ ಮಾಡುವುದು ಎಲ್ಲ ಅದರಲ್ಲೇ. ಸೋಬಾನೆ ಪದ ಹಾಡುವ ಒಬ್ಬ ಅಜ್ಜಿಯ ಮನೆಗೆ ಎರಡು ವರ್ಷ ಓಡಾಡಿ, ಮದುವೆಯ ಒಂದೊಂದು ಶಾಸ್ತ್ರಕ್ಕೂ ಹಾಡುವ ಪದಗಳನ್ನು ರೆಕಾರ್ಡ್ ಮಾಡಿದ್ದೆವು. ರೆಕಾರ್ಡರಿನ ಕಾರ್ಡ್ ಚಿಕ್ಕದು. ತುಂಬಿದಾಗಲೆಲ್ಲ ಕಂಪ್ಯೂಟರಿಗೆ ಹಾಕಿ ಕಾರ್ಡ್ ಖಾಲಿ ಮಾಡುತ್ತಿದ್ದೆವು. ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತಲ್ಲ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇವೆ: ಹೌದು, ಆ ತಪ್ಪು ನಮ್ಮದೇ.

ಒಂದು ದಿನ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತಿತು. ಮತ್ತೆ ಆನ್ ಮಾಡಿದರೆ ಹತ್ತು ನಿಮಿಷ ಓಡುತ್ತಿತ್ತು, ಮತ್ತೆ ನೀಲಿ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಸಂಜೆ ಬನ್ನಿ ಎಂದರು, ಸಂಜೆ ಹೋದೆವು. 'ಸಾಫ್ಟ್‌ವೇರ್ ಕರಪ್ಟ್ ಆಗಿತ್ತು ಸಾರ್, ಫುಲ್ ಫಾರ್ಮ್ಯಾಟ್ ಮಾಡಿ ಫ್ರೆಶ್ ಆಗಿ ಹಾಕಿದ್ದೇವೆ' ಎಂದರು. ಡಿ ಡ್ರೈವ್ ಎಲ್ಲಿ ಎಂದು ಕೇಳಿದೆವು. ಎಲ್ಲ ಒಂದೇ ಪಾರ್ಟಿಶನ್ ಮಾಡಿದ್ದೇವೆ, ಜಾಗ ಜಾಸ್ತಿ ಸಿಗುತ್ತದೆ ಎಂದರು.

ಮೂರನೇ ದಿನಕ್ಕೆ ಅದೇ ನೀಲಿ ಪರದೆ ಮತ್ತೆ ಬಂತು. ಈ ಸಲ ಬೇರೊಬ್ಬ ಪರಿಚಯದ ಹುಡುಗ ಬಂದು ಡಬ್ಬ ಬಿಚ್ಚಿ, ಎರಡು ರ‍್ಯಾಮ್ ಪಟ್ಟಿಗಳನ್ನು ಹೊರತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವುಗಳ ಹೊಳೆಯುವ ಅಂಚನ್ನು ಉಜ್ಜಿ, ಒಂದೊಂದೇ ಹಾಕಿ ನೋಡಿದ. ಒಂದು ಪಟ್ಟಿ ಹಾಕಿದರೆ ಸರಿ, ಇನ್ನೊಂದು ಹಾಕಿದರೆ ನೀಲಿ. ಕೆಟ್ಟದ್ದನ್ನು ಮೇಜಿನ ಮೇಲಿಟ್ಟು ಹೋದ. ಆಮೇಲೆ ಆ ಯಂತ್ರ ವರ್ಷಗಟ್ಟಲೆ ಓಡಿತು.

ಅಂದರೆ ರೋಗ ರ‍್ಯಾಮಿನಲ್ಲಿತ್ತು, ಆಪರೇಶನ್ ಆಗಿದ್ದು ಹಾರ್ಡ್ ಡಿಸ್ಕಿಗೆ. ಅಜ್ಜಿಯ ಪದಗಳು ಏನೂ ಕಾರಣವಿಲ್ಲದೆ ಹೋದವು. ಮತ್ತೆ ರೆಕಾರ್ಡ್ ಮಾಡೋಣ ಎಂದುಕೊಳ್ಳುವಷ್ಟರಲ್ಲಿ ಅಜ್ಜಿಯೂ ಹೋದರು.

ನಾವು ಡಿಸ್ಕ್ ಮಾಡಲು ಕೂತಿದ್ದು ಅದಾದ ಮೇಲೆ. ಈ ಲೇಖನ ಆ ಡಿಸ್ಕಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಮೆನುವಿನ ಬಗ್ಗೆ. ನಮ್ಮ ಅಭಿಪ್ರಾಯ ಇಷ್ಟು: ಕಂಪ್ಯೂಟರಿನ ರೋಗ ಪತ್ತೆ ಮಾಡುವ ಸಾಧನಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಯಾವ ತೊಂದರೆಗೆ ಯಾವುದನ್ನು, ಯಾವ ಕ್ರಮದಲ್ಲಿ ಬಳಸಬೇಕು ಎಂದು ನಮ್ಮ ಮಾತಿನಲ್ಲಿ ಹೇಳುವುದಕ್ಕೆ. ಆ ಕೆಲಸಕ್ಕೆ ಎಂಜಿನಿಯರೇ ಬೇಕೆಂದಿಲ್ಲ, ಸುದ್ದಿ ಬರೆಯಲು ಕಲಿತವರಿಗೂ ಬರುತ್ತದೆ.

ಮೊದಲು ಬೂಟ್ ಡಿಸ್ಕ್ ಎಂದರೇನು ಎಂದು ನೋಡೋಣ. ಸಾಮಾನ್ಯವಾಗಿ ಕಂಪ್ಯೂಟರ್ ಎದ್ದೇಳುವುದು ಒಳಗಿನ ಹಾರ್ಡ್ ಡಿಸ್ಕಿನಿಂದ. ಅದನ್ನು ಮುಟ್ಟದೆ ಸಿಡಿ ಅಥವಾ ಡಿವಿಡಿಯಿಂದಲೇ ಎಬ್ಬಿಸಬಹುದು. ಇದಕ್ಕೆ ಬೇಕಾದ ನಿಯಮಾವಳಿಯನ್ನು 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಸೇರಿ ಬರೆದವು. ಅದರ ಹೆಸರು ಎಲ್ ಟೊರಿಟೊ. ಕಂಪ್ಯೂಟರ್ ಆನ್ ಆದಾಗ ಅದರ ಬಯೋಸ್ ಡಿಸ್ಕಿನ 17ನೇ ಸೆಕ್ಟರಿಗೆ ಹೋಗಿ, ಇಲ್ಲಿ ಬೂಟ್ ಮಾಡುವಂಥದ್ದು ಏನಾದರೂ ಇದೆಯೇ ಎಂದು ನೋಡುತ್ತದೆ. ಇದ್ದರೆ ಅಲ್ಲಿಂದ ಶುರು. ಹಾರ್ಡ್ ಡಿಸ್ಕ್ ಸತ್ತಿದ್ದರೂ, ವಿಂಡೋಸ್ ಹಾಳಾಗಿದ್ದರೂ ಇದು ನಡೆಯುತ್ತದೆ.

ಒಂದು ಡಿಸ್ಕಿನಲ್ಲಿ ಒಂದೇ ಸಾಧನ ಇದ್ದರೆ ಅದು ಸಾದಾ ಬೂಟ್ ಡಿಸ್ಕ್. ಹಲವು ಸಾಧನಗಳನ್ನು ಒಟ್ಟಿಗೆ ಹಾಕಿ, ಆನ್ ಮಾಡಿದಾಗ ಯಾವುದು ಬೇಕು ಎಂದು ಕೇಳುವ ಪಟ್ಟಿ ಬಂದರೆ ಅದು ಮಲ್ಟಿಬೂಟ್ ಡಿಸ್ಕ್. ಪಟ್ಟಿಯೊಳಗೆ ಪಟ್ಟಿ ಇದ್ದರೆ ಸಬ್‌ಮೆನು. ಈ ಪಟ್ಟಿ ತೋರಿಸುವ ಕೆಲಸಕ್ಕೆ ನಾವು ಬಳಸಿದ್ದು ಐಸೋಲಿನಕ್ಸ್. ಎಚ್. ಪೀಟರ್ ಆನ್ವಿನ್ ಬರೆದ ಸಿಸ್‌ಲಿನಕ್ಸ್ ಕುಟುಂಬದ್ದು ಅದು. ಉಚಿತ, ಚಿಕ್ಕದು, ಹಳೆಯ ಯಂತ್ರಗಳಲ್ಲೂ ಓಡುತ್ತದೆ. ಅದರ ಮೆನು ಒಂದು ಸಾದಾ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಿನಲ್ಲಿ ತಿದ್ದಬಹುದು. ಒಂದು ಸಾಲಿನಲ್ಲಿ 'ಮೆನು ಬಿಗಿನ್' ಎಂದು ಬರೆದು, ಒಳಗೆ ಬೇಕಾದ್ದನ್ನು ಸೇರಿಸಿ, 'ಮೆನು ಎಂಡ್' ಎಂದು ಮುಗಿಸಿದರೆ ಒಂದು ಸಬ್‌ಮೆನು ಆಯಿತು. ಇದನ್ನು ಬರೆಯಲು ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ನಮಗೂ ಗೊತ್ತಿರಲಿಲ್ಲ.

ಸಾಧನಗಳ ಆಯ್ಕೆಯೂ ಕಷ್ಟವಾಗಲಿಲ್ಲ. ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಪ್ಲಸ್. ಯಂತ್ರದೊಳಗೆ ಏನೇನಿದೆ ಎಂದು ಪಟ್ಟಿ ಕೊಡಲು ಸಿಸ್‌ಲಿನಕ್ಸ್ ಜೊತೆಗೇ ಬರುವ ಎಚ್‌ಡಿಟಿ. ಹಾರ್ಡ್ ಡಿಸ್ಕಿನ ಆರೋಗ್ಯ ಓದಲು ಸ್ಮಾರ್ಟ್‌ಮಾನ್‌ಟೂಲ್ಸ್. ಸಾಯುತ್ತಿರುವ ಡಿಸ್ಕಿನಿಂದ ಸಿಕ್ಕಷ್ಟನ್ನು ಬಾಚಿಕೊಳ್ಳಲು ಡಿಡಿರೆಸ್ಕ್ಯೂ. ಅಳಿಸಿಹೋದ ಪಾರ್ಟಿಶನ್ ಹುಡುಕಲು ಟೆಸ್ಟ್‌ಡಿಸ್ಕ್, ಫೈಲ್ ಹುಡುಕಲು ಅದರ ಜೊತೆಗಾರ ಫೋಟೊರೆಕ್. ಇಡೀ ಡಿಸ್ಕಿನ ನಕಲು ತೆಗೆಯಲು ಕ್ಲೋನ್‌ಜಿಲ್ಲಾ. ಪಾರ್ಟಿಶನ್ ಕೆಲಸಕ್ಕೆ ಜಿಪಾರ್ಟೆಡ್. ಇವೆಲ್ಲ ಮುಕ್ತ ತಂತ್ರಾಂಶಗಳು. ನಕಲು ಮಾಡಿ ಹಂಚಲು ಅನುಮತಿ ಇದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡುವ 'ಎಲ್ಲ ರೋಗಕ್ಕೂ ಮದ್ದು' ಡಿಸ್ಕುಗಳಲ್ಲಿ ಕಾಸು ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳ ಬೀಗ ಒಡೆದ ಪ್ರತಿಗಳಿರುತ್ತವೆ. ಒಳಗೆ ಇನ್ನೇನು ಸೇರಿಸಿದ್ದಾರೋ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ವರದಿಯನ್ನು ಬೇರೆಯವರು ಹೆಸರಿಲ್ಲದೆ ಹಾಕಿಕೊಂಡರೆ ಕೂಗಾಡುವ ನಾವು, ಬೇರೆಯವರ ಕೆಲಸವನ್ನು ಕದ್ದು ಡಿಸ್ಕಿಗೆ ಹಾಕಿಕೊಳ್ಳುವುದು ಹೇಗೆ? ಉಚಿತವಾಗಿಯೇ ಒಳ್ಳೆಯದು ಸಿಗುವಾಗ ಅದರ ಅಗತ್ಯವೂ ಇಲ್ಲ.

ಇನ್ನು ಮೆನು. ನಮ್ಮ ಮೊದಲ ಡಿಸ್ಕಿನ ಮೆನುವಿನಲ್ಲಿ ಸಾಧನಗಳ ಹೆಸರುಗಳನ್ನೇ ಸಾಲಾಗಿ ಬರೆದಿದ್ದೆವು. ನೋಡಲು ಚೆನ್ನಾಗಿಯೇ ಇತ್ತು. ಒಂದು ಡಿಟಿಪಿ ಅಂಗಡಿಗೆ ಕೊಟ್ಟೆವು. ಒಂದು ವಾರದ ನಂತರ ಹೋಗಿ ಕೇಳಿದರೆ, ಅಂಗಡಿ ನಡೆಸುವ ಅಕ್ಕ ಹೇಳಿದ್ದು: 'ಹಾಕಿದೆ ಕಣ್ರಪ್ಪ, ಏನೇನೋ ಹೆಸರು ಬಂತು. ಯಾವುದು ಒತ್ತಿದರೆ ಏನಾಗುತ್ತೋ ಅಂತ ಹೆದರಿ ತೆಗೆದುಬಿಟ್ಟೆ.'

ಆ ಅಕ್ಕ ಹೆದರಿದ್ದು ಸರಿಯಾಗಿಯೇ ಇತ್ತು. ಆ ಪಟ್ಟಿಯಲ್ಲಿ ಮೆಮ್‌ಟೆಸ್ಟ್ ಪಕ್ಕದಲ್ಲೇ ಜಿಪಾರ್ಟೆಡ್ ಇತ್ತು. ಒಂದು ಬರೀ ನೋಡುತ್ತದೆ, ಏನನ್ನೂ ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಎರಡು ತಪ್ಪು ಕ್ಲಿಕ್ ಸಾಕು, ಪಾರ್ಟಿಶನ್ ಮಾಯ. ಎರಡನ್ನೂ ಅಕ್ಕಪಕ್ಕ ಇಟ್ಟವರು ನಾವು. ಥರ್ಮಾಮೀಟರು ಮತ್ತು ಕತ್ತರಿಯನ್ನು ಒಂದೇ ತಟ್ಟೆಯಲ್ಲಿ ಇಟ್ಟು, ಬೇಕಾದ್ದು ತೆಗೆದುಕೋ ಎಂದ ಹಾಗೆ.

ಎರಡನೇ ಡಿಸ್ಕಿನಲ್ಲಿ ಎಲ್ಲ ಬದಲಿಸಿದೆವು. ಸಾಧನಗಳ ಹೆಸರು ತೆಗೆದು ತೊಂದರೆಯ ಹೆಸರು ಹಾಕಿದೆವು. ಮೊದಲ ಪರದೆಯಲ್ಲಿ ಐದೇ ಸಾಲು. ಒಂದು: ಏನೂ ಬೇಡ, ಎಂದಿನಂತೆ ಶುರುವಾಗಲಿ. ಎರಡು: ಮೊದಲು ನನ್ನ ಫೈಲುಗಳನ್ನು ಹೊರಗೆ ತೆಗೆಯಬೇಕು. ಮೂರು: ಏನಾಗಿದೆ ಎಂದು ನೋಡಬೇಕು. ನಾಲ್ಕು: ಅಳಿಸಿಹೋಗಿದ್ದು ವಾಪಸ್ ಬೇಕು. ಐದು: ಎಚ್ಚರ, ಇಲ್ಲಿಂದ ಮುಂದೆ ಡಿಸ್ಕಿನ ಮೇಲೆ ಬರೆಯಲಾಗುತ್ತದೆ.

ಈ ಕ್ರಮಕ್ಕೆ ಕಾರಣಗಳಿವೆ. ಮೊದಲ ಸಾಲಿನಲ್ಲೇ ಬೆಳಕು ನಿಂತಿರುತ್ತದೆ. ಯಾರೋ ಡಿಸ್ಕ್ ಒಳಗೇ ಮರೆತು ಆನ್ ಮಾಡಿದರೆ, 30 ಸೆಕೆಂಡ್ ಕಾದು ಕಂಪ್ಯೂಟರ್ ಎಂದಿನಂತೆ ಏಳುತ್ತದೆ. ಈ ಕಾಯುವ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೆಯಬೇಕು. ಅದು ಗೊತ್ತಿಲ್ಲದೆ ನಾವು 30 ಎಂದು ಬರೆದಿದ್ದೆವು. ಮೆನು ಮೂರೇ ಸೆಕೆಂಡಿಗೆ ಮಾಯವಾಗುತ್ತಿತ್ತು, ಓದಲೂ ಬಿಡುತ್ತಿರಲಿಲ್ಲ. 300 ಎಂದು ಬರೆದ ಮೇಲೆ ಸರಿಹೋಯಿತು.

ಫೈಲ್ ಹೊರತೆಗೆಯುವುದನ್ನು ಪರೀಕ್ಷೆಗಿಂತ ಮೊದಲು ಇಟ್ಟಿದ್ದೇವೆ. ಕಟಕಟ ಸದ್ದು ಮಾಡುತ್ತಿರುವ ಹಾರ್ಡ್ ಡಿಸ್ಕಿಗೆ ಗಂಟೆಗಟ್ಟಲೆ ಪರೀಕ್ಷೆ ಇಟ್ಟರೆ ಪರೀಕ್ಷೆ ಮುಗಿಯುವ ಮೊದಲೇ ಅದು ಸಾಯಬಹುದು. ಅಂಥದ್ದಕ್ಕೆ ಡಿಡಿರೆಸ್ಕ್ಯೂ. ಅದು ಮೊದಲು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂದು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಮೂರನೇ ಸಾಲು ಒತ್ತಿದರೆ ಸಬ್‌ಮೆನು ತೆರೆಯುತ್ತದೆ. ಪದೇ ಪದೇ ನೀಲಿ ಪರದೆ ಬಂದರೆ ಅಥವಾ ತಾನೇ ರೀಸ್ಟಾರ್ಟ್ ಆದರೆ ಇದನ್ನು ಒತ್ತಿ ಎಂಬಲ್ಲಿ ಮೆಮ್‌ಟೆಸ್ಟ್ ಇದೆ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಅದು ತಪ್ಪು ತೋರಿಸಿದರೆ ಪಟ್ಟಿಗಳನ್ನು ಒಂದೊಂದೇ ಹಾಕಿ ಮತ್ತೆ ಪರೀಕ್ಷಿಸಬೇಕು. ಫೈಲ್ ತೆರೆಯಲು ತುಂಬ ಹೊತ್ತಾದರೆ ಇದನ್ನು ಒತ್ತಿ ಎಂಬಲ್ಲಿ ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿ ಬರುತ್ತದೆ. ಅದರಲ್ಲಿ ಹತ್ತಾರು ಸಾಲುಗಳಿರುತ್ತವೆ. ನಾವು ನೋಡಿ ಎಂದು ಹೇಳುವುದು 5, 197, 198 ಎಂಬ ಮೂರು ಸಂಖ್ಯೆಯ ಸಾಲುಗಳನ್ನು. ಕೆಟ್ಟು ಬದಲಿಸಲಾದ ಸೆಕ್ಟರುಗಳು, ಓದಲಾಗದೆ ಕಾದಿರುವ ಸೆಕ್ಟರುಗಳು, ಸರಿಪಡಿಸಲಾಗದ ಸೆಕ್ಟರುಗಳು ಎಷ್ಟು ಎಂದು ಅವು ಹೇಳುತ್ತವೆ. ಕೊನೆಯ ಕಾಲಂನಲ್ಲಿ ಸೊನ್ನೆ ಇದ್ದರೆ ಸಮಾಧಾನ. ಸೊನ್ನೆ ಬಿಟ್ಟು ಏರುತ್ತಾ ಹೋದರೆ ಇವತ್ತೇ ನಕಲು ತೆಗೆಯಬೇಕು. ಸಬ್‌ಮೆನುವಿನ ಕೊನೆಯಲ್ಲಿ 'ಹಿಂದಕ್ಕೆ' ಎಂಬ ಸಾಲು ಕಡ್ಡಾಯ. ಬಂದ ದಾರಿ ಕಾಣದಿದ್ದರೆ ಜನ ಪವರ್ ಬಟನ್ ಒತ್ತುತ್ತಾರೆ.

ಐದನೇ ಸಾಲಿನ ಒಳಗಿನದಕ್ಕೆಲ್ಲ ಪಾಸ್‌ವರ್ಡ್ ಇಟ್ಟಿದ್ದೇವೆ. ಐಸೋಲಿನಕ್ಸಿನಲ್ಲಿ ಒಂದೊಂದು ಆಯ್ಕೆಗೂ ಪಾಸ್‌ವರ್ಡ್ ಇಡಬಹುದು. ಇದೇನೂ ಗುಟ್ಟಲ್ಲ, ಡಿಸ್ಕಿನ ಜೊತೆ ಕೊಡುವ ಹಾಳೆಯಲ್ಲೇ ಬರೆದಿದೆ. ಆದರೆ ಅದರ ಮೇಲೆ ಮೂರು ಪ್ರಶ್ನೆಗಳಿವೆ. ನಿಮ್ಮ ಫೈಲುಗಳ ನಕಲು ಬೇರೆ ಡಿಸ್ಕಿನಲ್ಲಿದೆಯೇ? ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದಿರಾ? ಎರಡು ಡಿಸ್ಕ್ ಇದ್ದರೆ ಯಾವುದು ಯಾವುದು ಎಂದು ಖಚಿತವಾಗಿದೆಯೇ? ಮೂರಕ್ಕೂ ಹೌದು ಎಂದವರು ಕೆಳಗಿನ ಪದ ಟೈಪ್ ಮಾಡಿ ಎಂದು ಬರೆದಿದ್ದೇವೆ. ಕೈ ಒಂದು ಕ್ಷಣ ನಿಲ್ಲಲಿ ಎನ್ನುವುದಷ್ಟೇ ಉದ್ದೇಶ.

ಕ್ಲೋನ್‌ಜಿಲ್ಲಾ ನಮ್ಮ ಮೆನುವಿನಲ್ಲಿ ಎರಡು ಕಡೆ ಇದೆ. ಡಿಸ್ಕಿನಿಂದ ನಕಲು ತೆಗೆಯುವ ಆಯ್ಕೆ ಎರಡನೇ ಸಾಲಿನಲ್ಲಿ, ನಕಲನ್ನು ಡಿಸ್ಕಿಗೆ ವಾಪಸ್ ಸುರಿಯುವ ಆಯ್ಕೆ ಐದನೇ ಸಾಲಿನಲ್ಲಿ. ಸಾಧನ ಒಂದೇ, ಫೈಲುಗಳೂ ಅವೇ. ಆದರೆ ಬೂಟ್ ಆಗುವಾಗ ಕೊಡುವ ಸೂಚನೆ ಬೇರೆ. ಕೊಂಡಿ ಹಾಕುವವನಿಗೆ ಇದು ಒಂದು ಸಾಲಿನ ವ್ಯತ್ಯಾಸ. ಬಳಸುವವನಿಗೆ ಉಳಿಸುವುದಕ್ಕೂ ಅಳಿಸುವುದಕ್ಕೂ ಇರುವ ವ್ಯತ್ಯಾಸ. ಯಾವುದನ್ನು ಮುಖಪುಟಕ್ಕೆ, ಯಾವುದನ್ನು ಒಳಪುಟಕ್ಕೆ ಎಂದು ಕೂತು ವಾದ ಮಾಡುವ ಅಭ್ಯಾಸ ನಮಗೆ ಇಲ್ಲಿ ಉಪಯೋಗಕ್ಕೆ ಬಂತು.

ಇದನ್ನು ಮಾಡುವಾಗ ನಾವು ಬಿದ್ದ ಗುಂಡಿಗಳನ್ನೂ ಹೇಳುತ್ತೇವೆ. ನೀವು ಮಾಡಲು ಹೊರಟರೆ ಸಮಯ ಉಳಿಯುತ್ತದೆ.

ಮೆಮ್‌ಟೆಸ್ಟ್ ಫೈಲಿನ ಹೆಸರು ಬಿನ್ ಎಂಬ ಬಾಲದೊಂದಿಗೆ ಬರುತ್ತದೆ. ಆ ಬಾಲ ಇದ್ದರೆ ಐಸೋಲಿನಕ್ಸ್ ಅದನ್ನು ಬೇರೆಯೇ ಜಾತಿಯ ಫೈಲ್ ಎಂದು ತಿಳಿದು ಗೊಂದಲ ಮಾಡಿಕೊಳ್ಳುತ್ತದೆ. ಬಾಲ ಕತ್ತರಿಸಿ ಹೆಸರು ಬದಲಿಸಿದರೆ ಓಡುತ್ತದೆ. ಇದು ತಿಳಿಯಲು ನಮಗೆ ಎರಡು ರಾತ್ರಿ ಬೇಕಾಯಿತು.

ಕ್ಲೋನ್‌ಜಿಲ್ಲಾ ಮತ್ತು ಜಿಪಾರ್ಟೆಡ್ ಲೈವ್ ಎರಡೂ ಡೆಬಿಯನ್ ಆಧಾರದವು. ಎರಡೂ ತಮ್ಮ ಸಾಮಾನನ್ನು 'ಲೈವ್' ಎಂಬ ಒಂದೇ ಹೆಸರಿನ ಫೋಲ್ಡರಿನಲ್ಲಿ ಹುಡುಕುತ್ತವೆ. ಒಂದೇ ಡಿಸ್ಕಿಗೆ ಹಾಗೇ ಹಾಕಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಬೇರೆ ಬೇರೆ ಫೋಲ್ಡರಿಗೆ ಹಾಕಿ, ನಿನ್ನ ಸಾಮಾನು ಇಂಥ ಕಡೆ ಇದೆ ಎಂದು ಮೆನುವಿನ ಸಾಲಿನಲ್ಲಿ 'ಲೈವ್ ಮೀಡಿಯಾ ಪಾತ್' ಎಂಬ ಸೂಚನೆಯ ಮೂಲಕ ಹೇಳಬೇಕು.

ಐಸೋಲಿನಕ್ಸಿನ ಮುಖ್ಯ ಫೈಲ್ ಒಂದು ಆವೃತ್ತಿಯದು, ಮೆನು ತೋರಿಸುವ ಫೈಲ್ ಇನ್ನೊಂದು ಆವೃತ್ತಿಯದು ಆದರೆ ಮೆನು ಬರುವುದೇ ಇಲ್ಲ. ಎಲ್ಲವನ್ನೂ ಒಂದೇ ಪ್ಯಾಕೆಟಿನಿಂದ ತೆಗೆಯಬೇಕು. ಮತ್ತೊಂದು ಮಾತು: ತಿದ್ದಿದಾಗಲೆಲ್ಲ ಡಿಸ್ಕ್ ಸುಡಬೇಡಿ. ವರ್ಚುವಲ್‌ಬಾಕ್ಸ್ ಅಥವಾ ಕ್ಯೂಇಎಂಯು ಒಳಗೆ ಆ ಐಎಸ್‌ಒ ಫೈಲನ್ನೇ ಓಡಿಸಿ ನೋಡಿ, ಎಲ್ಲ ಸಾಲುಗಳೂ ಕೆಲಸ ಮಾಡಿದ ಮೇಲೆ ಸುಡಿ. ಇದು ಗೊತ್ತಾಗುವ ಮೊದಲು ನಾವು ಸುಟ್ಟು ಎಸೆದ ಡಿಸ್ಕುಗಳನ್ನು ಪಕ್ಕದ ಮನೆಯವರು ಹಕ್ಕಿ ಓಡಿಸಲು ತೋಟಕ್ಕೆ ಕಟ್ಟಿದ್ದಾರೆ.

ಕನ್ನಡದ ವಿಷಯಕ್ಕೆ ಬಂದರೆ ಸೋಲನ್ನು ಒಪ್ಪಿಕೊಳ್ಳಬೇಕು. ಐಸೋಲಿನಕ್ಸ್ ಮೆನುವಿನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ. ಅದು ಬಳಸುವ ಫಾಂಟ್ ಹಳೆಯ ಕಾಲದ ಚೌಕಟ್ಟಿನದು, ಒಂದು ಅಕ್ಷರಕ್ಕೆ ಒಂದು ಮನೆ. ಹೊಸ ಯಂತ್ರಗಳಿಗೆ ಬಳಸುವ ಗ್ರಬ್ ಎಂಬ ಬೂಟ್‌ಲೋಡರಿಗೆ ಯೂನಿಕೋಡ್ ಗೊತ್ತು. ಆದರೆ ಕನ್ನಡದ ಒತ್ತಕ್ಷರ, ಗುಣಿತಗಳನ್ನು ಕೂಡಿಸಿ ತೋರಿಸುವ ವ್ಯವಸ್ಥೆ ಅದರಲ್ಲಿಲ್ಲ. ನಾವು ಎರಡು ಉಪಾಯ ಮಾಡಿದೆವು. ಮೆನುವಿನ ಸಾಲುಗಳನ್ನು ವಾಟ್ಸ್ಆಪಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವಾಗಿಯೇ ಬರೆದೆವು. ಮೆನುವಿನ ಹಿಂದೆ ಒಂದು ಚಿತ್ರ ಹಾಕಲು ಅವಕಾಶವಿದೆ. ಆ ಚಿತ್ರದಲ್ಲೇ ಕನ್ನಡ ಲಿಪಿಯಲ್ಲಿ ದೊಡ್ಡದಾಗಿ 'ಮೊದಲು ನಕಲು, ಆಮೇಲೆ ಪರೀಕ್ಷೆ, ಕೊನೆಗೆ ರಿಪೇರಿ' ಎಂದು ಬರೆದೆವು. ಜೊತೆಗೆ ಒಂದು ಪುಟದ ಕನ್ನಡ ಹಾಳೆ. ಡಿಟಿಪಿ ಅಂಗಡಿಯ ಅಕ್ಕ ಈಗ ಹಾಳೆ ನೋಡಿ ಡಿಸ್ಕ್ ಬಳಸುತ್ತಾರೆ. ಪರದೆಯ ಮೇಲೆ ಸರಿಯಾದ ಕನ್ನಡ ಬರುವುದು ಇದಕ್ಕಿಂತ ಒಳ್ಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. ಅದು ಬರುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ.

ಈಗ ಆಕ್ಷೇಪಗಳು. ನಮ್ಮೊಳಗೇ ಇವುಗಳ ಬಗ್ಗೆ ಜಗಳ ಆಗಿದೆ.

ಡಿವಿಡಿ ಯಾರ ಹತ್ತಿರ ಇದೆ ಈಗ, ಪೆನ್‌ಡ್ರೈವ್ ಸಾಲದೇ ಎನ್ನುತ್ತಾರೆ. ವೆಂಟಾಯ್ ಎಂಬ ಉಚಿತ ಸಾಧನ 2020ರಲ್ಲಿ ಬಂದಿದೆ. ಐಎಸ್‌ಒ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಸಾಕು, ಮೆನು ತಾನೇ ಆಗುತ್ತದೆ. ನಿಜ. ಹೊಸ ಯಂತ್ರಗಳಿಗೆ ನಾವೂ ಅದನ್ನೇ ಹೇಳುತ್ತೇವೆ. ನಮ್ಮ ಐಸೋಲಿನಕ್ಸ್ ಡಿಸ್ಕ್ ಹಳೆಯ ಬಯೋಸ್ ಇರುವ ಯಂತ್ರಗಳಿಗೆ ಮಾತ್ರ. ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಅದು ಏಳುವುದಿಲ್ಲ. ಆದರೆ ನಮ್ಮ ಕಡೆ ಶಾಲೆಗಳಲ್ಲಿ, ಹಾಲಿನ ಸೊಸೈಟಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಇರುವುದು ಬೇರೆಯವರು ಬಳಸಿ ಬಿಟ್ಟ ಹಳೆಯ ಡಬ್ಬಗಳೇ. ಇನ್ನೊಂದು ಕಾರಣ ಹೆಚ್ಚು ಮುಖ್ಯ. ಪೆನ್‌ಡ್ರೈವ್ ಹೋದ ಕಡೆಯಿಂದೆಲ್ಲ ವೈರಸ್ ಹೊತ್ತು ತರುತ್ತದೆ. ರೋಗ ನೋಡಲು ಹೋದವನೇ ರೋಗ ಹರಡಿದ ಹಾಗೆ. ಒಮ್ಮೆ ಸುಟ್ಟು ಮುಚ್ಚಿದ ಡಿವಿಡಿಯ ಮೇಲೆ ಯಾವ ವೈರಸ್ಸೂ ಬರೆಯಲಾರದು. ಅದರಲ್ಲಿರುವ ಫೋಟೊ ಯಾರೂ ಅಳಿಸುವುದಿಲ್ಲ, ಸಿನಿಮಾ ತುಂಬಲು ಯಾರೂ ಕೇಳುವುದಿಲ್ಲ. ಹಳೆಯದಾದರೂ ಇದು ಅದರ ಗುಣ.

ರಿಪೇರಿ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂದೂ ಕೇಳಿದ್ದಾರೆ. ಇಲ್ಲ. ಅವರ ಕಷ್ಟ ನಮಗೆ ಗೊತ್ತು. ಪರೀಕ್ಷೆಗೆ ಒಂದು ರಾತ್ರಿ ಬೇಕು, ಅಂಗಡಿಯಲ್ಲಿ ಹತ್ತು ಯಂತ್ರ ಸಾಲಿನಲ್ಲಿರುತ್ತವೆ. ಪರೀಕ್ಷೆ ಮಾಡಿದ್ದೇನೆ, ದುಡ್ಡು ಕೊಡಿ ಎಂದರೆ ನಾವು ಕೊಡುವುದಿಲ್ಲ. ಫಾರ್ಮ್ಯಾಟ್ ಮಾಡಿದ್ದೇನೆ ಎಂದರೆ ಕೊಡುತ್ತೇವೆ. ಅವರನ್ನು ಆ ದಾರಿಗೆ ತಳ್ಳಿದವರಲ್ಲಿ ಗಿರಾಕಿಗಳಾದ ನಾವೂ ಇದ್ದೇವೆ. ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಂಡು, 'ರ‍್ಯಾಮಿನಲ್ಲಿ ತಪ್ಪು ತೋರಿಸುತ್ತಿದೆ, ಪಟ್ಟಿ ಬದಲಿಸಿ' ಎಂದು ಹೋದರೆ ಅವರಿಗೂ ಸಲೀಸು, ನಮಗೂ ಸಲೀಸು.

ಇನ್ನೊಂದು ವಿಷಯ ನಮ್ಮ ವೃತ್ತಿಯವರಿಗೆ. ಕಂಪ್ಯೂಟರನ್ನು ಅಂಗಡಿಗೆ ಕೊಟ್ಟಾಗ ಅದರಲ್ಲಿರುವ ಎಲ್ಲವನ್ನೂ ಕೊಟ್ಟಿರುತ್ತೇವೆ. ಹೆಸರು ಹೇಳಬೇಡಿ ಎಂದು ಕೈಮುಗಿದು ಮಾತಾಡಿದವರ ಧ್ವನಿ, ದೂರು ಕೊಟ್ಟ ಹೆಣ್ಣುಮಗಳ ಫೋಟೊ, ಯಾರೋ ಗುಟ್ಟಾಗಿ ಕೊಟ್ಟ ಕಾಗದದ ನಕಲು. ನಮ್ಮನ್ನು ನಂಬಿದವರು ಅಂಗಡಿಯನ್ನು ನಂಬಿರಲಿಲ್ಲ. ಕೊಡುವ ಮೊದಲು ಫೈಲುಗಳನ್ನು ಹೊರತೆಗೆದು, ಸಾಧ್ಯವಾದರೆ ಹಾರ್ಡ್ ಡಿಸ್ಕನ್ನೇ ಬಿಚ್ಚಿಟ್ಟುಕೊಂಡು ಕೊಡುವುದು ನಮ್ಮ ಜವಾಬ್ದಾರಿ. ಇದೇ ಕಾರಣಕ್ಕೆ ಪಾಸ್‌ವರ್ಡ್ ಅಳಿಸುವ ಸಾಧನವನ್ನು ನಮ್ಮ ಡಿಸ್ಕಿಗೆ ಹಾಕಿಲ್ಲ. ಬೂಟ್ ಡಿಸ್ಕ್ ಇದ್ದವರು ಬೀಗ ಹಾಕದ ಯಾವ ಕಂಪ್ಯೂಟರನ್ನಾದರೂ ಓದಬಹುದು ಎನ್ನುವುದು ನಿಜ. ಆದ್ದರಿಂದ ಇದನ್ನು ಬೇರೆಯವರ ಯಂತ್ರಕ್ಕೆ ಹಾಕುವಾಗ ಯಂತ್ರದ ಯಜಮಾನರು ಪಕ್ಕದಲ್ಲಿ ಕೂತಿರಬೇಕು ಎನ್ನುವುದು ನಮ್ಮ ನಿಯಮ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಇದ್ದರೆ, ಅದರ ರಿಕವರಿ ಕೀ ಇಲ್ಲದೆ ಯಾವ ಡಿಸ್ಕೂ ಒಳಗಿನ ಫೈಲ್ ಓದಲಾರದು. ಆ ಕೀಯನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದು ಬೇರೆ ಕಡೆ ಇಟ್ಟುಕೊಳ್ಳಿ.

ಡಿಸ್ಕ್ ಸಿದ್ಧವಾದ ಮೇಲೆ ನಾಲ್ಕನೇ ಸಾಲನ್ನು ಮೊದಲು ಬಳಸಿದ್ದು ನಮ್ಮದೇ ಹಳೆಯ ಡೆಸ್ಕ್‌ಟಾಪಿನ ಮೇಲೆ. ಫೋಟೊರೆಕ್ ಹೆಸರು ನೋಡಿ ಹುಡುಕುವುದಿಲ್ಲ, ಫೈಲಿನ ಒಳಗಿನ ಗುರುತು ನೋಡಿ ಹುಡುಕುತ್ತದೆ. ಆದ್ದರಿಂದ ಫಾರ್ಮ್ಯಾಟ್ ಆದ ಮೇಲೂ ಸ್ವಲ್ಪ ಸಿಗುತ್ತದೆ. ಆದರೆ ಅದರ ಮೇಲೆ ಹೊಸದಾಗಿ ಬರೆದಿದ್ದರೆ ಹೋಗಿದ್ದು ಹೋಯಿತು. ನಮ್ಮ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಬಂದಿತ್ತು, ತಿಂಗಳುಗಟ್ಟಲೆ ಕೆಲಸವೂ ನಡೆದಿತ್ತು. ಸಾವಿರಾರು ಹೆಸರಿಲ್ಲದ ಫೈಲುಗಳು ಬಂದವು. ನಾಲ್ಕು ಜನ ಪಾಲು ಹಾಕಿಕೊಂಡು ಒಂದೊಂದನ್ನೇ ತೆರೆದು ಕೇಳಿದೆವು. ಅಜ್ಜಿಯ ದನಿ ಸಿಕ್ಕಿದ್ದು ಒಂದೇ ಫೈಲಿನಲ್ಲಿ. ಎಣ್ಣೆ ಶಾಸ್ತ್ರದ ಪದ. ಅದೂ ಅರ್ಧಕ್ಕೆ ನಿಲ್ಲುತ್ತದೆ.

ಆ ಅರ್ಧ ಪದ ಈಗ ಮೂರು ಕಡೆ ಇದೆ. ಅಜ್ಜಿಯ ಮಗಳ ಫೋನಿಗೂ ಹಾಕಿಕೊಟ್ಟಿದ್ದೇವೆ.

ನೀವು ಡಿಸ್ಕ್ ಮಾಡಲೇಬೇಕು ಎಂದು ನಾವು ಹೇಳುವುದಿಲ್ಲ. ಒಂದು ಊರಿಗೆ ಒಂದು ಇದ್ದರೆ ಸಾಕು. ಶಾಲೆಯ ಬೀರುವಿನಲ್ಲೋ, ಲೈಬ್ರರಿಯಲ್ಲೋ, ಜೆರಾಕ್ಸ್ ಅಂಗಡಿಯ ಡ್ರಾಯರಿನಲ್ಲೋ ಇರಲಿ. ಅದರ ಜೊತೆ ಕನ್ನಡದ ಆ ಒಂದು ಹಾಳೆ ಇರಲಿ. ಅದೂ ಇಲ್ಲದಿದ್ದರೆ, ಮುಂದಿನ ಸಲ ಯಾರಾದರೂ ಫಾರ್ಮ್ಯಾಟ್ ಮಾಡಬೇಕು ಎಂದಾಗ ಒಂದು ಪ್ರಶ್ನೆಯನ್ನಾದರೂ ಕೇಳಿ: 'ಏನು ಪರೀಕ್ಷೆ ಮಾಡಿ ನೋಡಿದಿರಿ?' ಉತ್ತರ ಬರುವವರೆಗೆ ಕಂಪ್ಯೂಟರ್ ಕೊಡಬೇಡಿ.